ಜಂಪರ್ ವೈರ್‌ನಿಂದ ಸ್ವಂತ ಬೋರ್ಡ್‌ಗೆ: ನಿಮ್ಮ ಡ್ರೋನ್‌ನ ಯಾವ ತೊಂದರೆ ಪಿಸಿಬಿಯಿಂದ ಹೋಗುತ್ತದೆ, ಯಾವುದು ಹೋಗುವುದಿಲ್ಲ?

ಪ್ರಶ್ನೆ: ಸರ್, ಹವ್ಯಾಸಕ್ಕೆಂದು ಒಂದು ಕ್ವಾಡ್‌ಕಾಪ್ಟರ್ ಕಟ್ಟಿದ್ದೇನೆ. 5 ಇಂಚಿನ ಪ್ರೊಪೆಲ್ಲರ್, ನಾಲ್ಕು ಸೆಲ್‌ನ ಲಿಪೊ ಬ್ಯಾಟರಿ. ಎಸ್‌ಟಿಎಂ32ಎಫ್411 ಚಿಪ್ ಇರುವ ಸಣ್ಣ ಡೆವಲಪ್‌ಮೆಂಟ್ ಬೋರ್ಡ್‌ಗೆ ಎಂಪಿಯು6050 ಗೈರೊ (ತಿರುಗುವಿಕೆ ಅಳೆಯುವ ಸೆನ್ಸರ್) ಮಾಡ್ಯೂಲ್, ಒಂದು ಬ್ಯಾರೋಮೀಟರ್, ಒಂದು ಕಂಪಾಸ್ ಮಾಡ್ಯೂಲ್ ಎಲ್ಲವನ್ನೂ ಜಂಪರ್ ವೈರ್‌ಗಳಲ್ಲಿ ಜೋಡಿಸಿದ್ದೇನೆ. ಫರ್ಮ್‌ವೇರ್ ನಾನೇ ಬರೆದದ್ದು. ಕಂಟ್ರೋಲ್ ಲೂಪ್ ಸೆಕೆಂಡಿಗೆ 250 ಸಲ ಓಡುತ್ತದೆ. ಡ್ರೋನ್ ಹಾರುತ್ತದೆ, ಆದರೆ ನಾಲ್ಕು ತೊಂದರೆ ಇವೆ. ಜೋರಾಗಿ ಥ್ರಾಟಲ್ ಕೊಟ್ಟರೆ ಕೆಲವೊಮ್ಮೆ ಬೋರ್ಡ್ ರೀಸೆಟ್ ಆಗುತ್ತದೆ. ಕೆಲವು ಸಲ ಸೆನ್ಸರ್ ಓದುವುದು ನಿಂತು ಪ್ರೋಗ್ರಾಂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದು ನಿರ್ದಿಷ್ಟ ಥ್ರಾಟಲ್‌ನಲ್ಲಿ ಮಾತ್ರ ಡ್ರೋನ್ ನಡುಗಿದ ಹಾಗೆ ಅಲುಗಾಡುತ್ತದೆ, ಸ್ವಲ್ಪ ಮೇಲೆ ಕೆಳಗೆ ಮಾಡಿದರೆ ಸರಿಯಾಗುತ್ತದೆ. ಇನ್ನೊಂದು, ಥ್ರಾಟಲ್ ಏರಿಸಿದ ಹಾಗೆ ಕಂಪಾಸ್ ದಿಕ್ಕು ತಪ್ಪುತ್ತದೆ. ಸ್ವಂತ ಪಿಸಿಬಿ (ತಂತಿಗಳ ಬದಲು ತಾಮ್ರದ ದಾರಿಗಳಿರುವ ಸರ್ಕ್ಯೂಟ್ ಬೋರ್ಡ್) ಮಾಡಿಸು, ಜೊತೆಗೆ ಇನ್ನೂ ವೇಗದ ಚಿಪ್ ಹಾಕು, ಎಲ್ಲ ಸರಿಯಾಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಡೆವಲಪ್‌ಮೆಂಟ್ ಬೋರ್ಡ್‌ನ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ಸಿಗುತ್ತದೆ, ಅದನ್ನೇ ನಕಲು ಮಾಡಿದರೆ ಸಾಕಾ? ನಾಲ್ಕು ಲೇಯರ್ ಬೇಕೇ ಬೇಕಾ? ಒಂದೇ ಸಲಕ್ಕೆ ಹತ್ತು ಬೋರ್ಡ್ ಮಾಡಿಸಿ ಕ್ಲಬ್ಬಿನ ಗೆಳೆಯರಿಗೂ ಕೊಡೋಣ ಎಂದುಕೊಂಡಿದ್ದೇನೆ. ಏನು ಹೇಳುತ್ತೀರಿ?

ಉತ್ತರ: ಸ್ವಂತ ಫರ್ಮ್‌ವೇರ್ ಬರೆದು ಡ್ರೋನನ್ನು ಹಾರಿಸಿದ್ದೀರಿ. ಕಷ್ಟದ ಅರ್ಧ ಅಲ್ಲಿಗೆ ಮುಗಿದಿದೆ. ತೊಂದರೆಗಳನ್ನು ಯಾವಾಗ, ಯಾವ ಸ್ಥಿತಿಯಲ್ಲಿ ಬರುತ್ತವೆ ಎಂದು ಬೇರೆ ಬೇರೆಯಾಗಿ ಬರೆದಿರುವುದರಿಂದ ನನ್ನ ಕೆಲಸವೂ ಹಗುರವಾಯಿತು. ನಿಮ್ಮ ಪ್ರಶ್ನೆಯ ತಿರುಳು ಇಷ್ಟು: ಈ ನಾಲ್ಕೂ ತೊಂದರೆಗೆ ವೈರ್‌ಗಳ ಗೋಜಲೇ ಕಾರಣವಾ, ಬೋರ್ಡ್ ಮಾಡಿಸಿದರೆ ಒಟ್ಟಿಗೆ ಮುಗಿಯುತ್ತವಾ?

ಇಲ್ಲ. ನಾಲ್ಕರಲ್ಲಿ ಒಂದು ಮಾತ್ರ ಖಂಡಿತವಾಗಿ ಹೋಗುತ್ತದೆ. ಒಂದು, ನೀವು ಬೋರ್ಡನ್ನು ಹೇಗೆ ವಿನ್ಯಾಸ ಮಾಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಸರಿಯಾಗಿ ಮಾಡದಿದ್ದರೆ ಈಗಿನದಕ್ಕಿಂತ ಕೆಡಬಹುದು. ಉಳಿದ ಎರಡು ಎಷ್ಟು ಚೆಂದದ ಪಿಸಿಬಿ ಮಾಡಿಸಿದರೂ ಹಾಗೇ ಇರುತ್ತವೆ. ಅದಕ್ಕೇ ಮೊದಲು ಯಾವುದು ಯಾವುದು ಎಂದು ಬೇರ್ಪಡಿಸಿಕೊಳ್ಳಬೇಕು. ಜಂಪರ್ ವೈರ್ ಇದ್ದಾಗ ಒಂದು ಸಂಪರ್ಕ ಬದಲಿಸಲು ಒಂದು ನಿಮಿಷ ಸಾಕು. ಪಿಸಿಬಿಯಲ್ಲಿ ಅದೇ ಬದಲಾವಣೆಗೆ ಹೊಸ ಬೋರ್ಡೇ ಬೇಕು. ಹುಡುಕಾಟವನ್ನೆಲ್ಲ ಈಗಲೇ, ವೈರ್‌ಗಳಿರುವಾಗಲೇ ಮುಗಿಸಿಕೊಳ್ಳಿ.

ಖಂಡಿತ ಹೋಗುವ ತೊಂದರೆ

ಸೆನ್ಸರ್ ಓದುತ್ತಾ ಸಿಕ್ಕಿಕೊಳ್ಳುವುದು ಐ2ಸಿ ಬಸ್‌ನ ಹಳೆಯ ರೋಗ. ಐ2ಸಿ ಎಂದರೆ ಚಿಪ್ ಮತ್ತು ಸೆನ್ಸರ್‌ಗಳು ಒಂದು ಕ್ಲಾಕ್ ತಂತಿ, ಒಂದು ಡೇಟಾ ತಂತಿ ಹಂಚಿಕೊಂಡು ಮಾತಾಡುವ ವ್ಯವಸ್ಥೆ. ಆ ಎರಡು ತಂತಿಗಳನ್ನು ಮೇಲಕ್ಕೆ ಎಳೆದು ಹಿಡಿಯುವುದು ಪುಲ್-ಅಪ್ ರೆಸಿಸ್ಟರ್ ಮಾತ್ರ. ಉದ್ದ ಜಂಪರ್ ವೈರ್ ಮೋಟಾರ್ ತಂತಿಯ ಪಕ್ಕದಲ್ಲೇ ಹಾದುಹೋದರೆ ಕ್ಲಾಕ್ ತಂತಿಯಲ್ಲಿ ಸುಳ್ಳು ಪಲ್ಸ್ ಏಳುತ್ತದೆ. ಒಂದು ಪಲ್ಸ್ ಜಾಸ್ತಿ ಎಣಿಸಿದ ಸೆನ್ಸರ್, ಡೇಟಾ ತಂತಿಯನ್ನು ಕೆಳಕ್ಕೆ ಎಳೆದುಕೊಂಡು ಮುಂದಿನ ಕ್ಲಾಕ್‌ಗೆ ಕಾಯುತ್ತಾ ಕೂರುತ್ತದೆ. ನಿಮ್ಮ ಪ್ರೋಗ್ರಾಂ ಡೇಟಾ ತಂತಿ ಬಿಡುಗಡೆಯಾಗಲಿ ಎಂದು ಕಾಯುತ್ತದೆ. ಇಬ್ಬರೂ ಕಾಯುತ್ತಿದ್ದರೆ ಡ್ರೋನ್ ಬೀಳುತ್ತದೆ, ಅಲ್ವಾ?

ಸದ್ಯಕ್ಕೆ ಎರಡು ಕೆಲಸ ಮಾಡಿ. ಐ2ಸಿ ಓದುವ ಕಡೆಯೆಲ್ಲ ಟೈಮ್‌ಔಟ್ ಹಾಕಿ. ಬಸ್ ಸಿಕ್ಕಿಕೊಂಡರೆ ಕ್ಲಾಕ್ ಪಿನ್ನನ್ನು ಸಾಮಾನ್ಯ ಔಟ್‌ಪುಟ್ ಮಾಡಿ 9 ಪಲ್ಸ್ ಕೊಡಿ. ಸಾಮಾನ್ಯವಾಗಿ ಸೆನ್ಸರ್ ತಂತಿಯನ್ನು ಬಿಟ್ಟುಕೊಡುತ್ತದೆ. ಹೊಸ ಬೋರ್ಡ್‌ನಲ್ಲಿ ಮಾತ್ರ ಗೈರೊವನ್ನು ಐ2ಸಿ ಮೇಲೆ ಇಡಲೇಬೇಡಿ. ಇನ್ನೂ ವೇಗದ, ಪುಲ್-ಅಪ್ ನಂಬಿಕೊಳ್ಳದ ಎಸ್‌ಪಿಐ ಸಂಪರ್ಕಕ್ಕೆ ಹೋಗಿ. ಎಂಪಿಯು6050ಗೆ ಎಸ್‌ಪಿಐ ಇಲ್ಲ, ಹಾಗಾಗಿ ಸೆನ್ಸರನ್ನೇ ಬದಲಿಸಬೇಕು. ಐಸಿಎಂ-42688-ಪಿ ಅಥವಾ ಬಿಎಂಐ270 ಈಗಿನ ಫ್ಲೈಟ್ ಕಂಟ್ರೋಲರ್‌ಗಳಲ್ಲಿ (ಡ್ರೋನನ್ನು ನಿಯಂತ್ರಿಸುವ ಬೋರ್ಡ್‌ಗಳು) ಸಾಮಾನ್ಯವಾಗಿ ಕಾಣುವ ಗೈರೊಗಳು.

ವೇಗದ ವ್ಯತ್ಯಾಸ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ಎಂಪಿಯು6050ಯಿಂದ 14 ಬೈಟ್ ಓದಲು ವಿಳಾಸ, ರಿಜಿಸ್ಟರ್ ಎಲ್ಲ ಸೇರಿ 17 ಬೈಟ್ ಓಡಾಡುತ್ತವೆ. ಪ್ರತಿ ಬೈಟ್‌ಗೆ 9 ಬಿಟ್. 400 ಕಿಲೋಹರ್ಟ್ಸ್‌ನಲ್ಲಿ ಇದಕ್ಕೆ ಸುಮಾರು 0.4 ಮಿಲಿಸೆಕೆಂಡ್ ಬೇಕು. ಅಷ್ಟೇ ಡೇಟಾವನ್ನು 10 ಮೆಗಾಹರ್ಟ್ಸ್ ಎಸ್‌ಪಿಐಯಲ್ಲಿ 12 ಮೈಕ್ರೊಸೆಕೆಂಡ್‌ನಲ್ಲಿ ಓದಬಹುದು. ಸೆಕೆಂಡಿಗೆ 1000 ಸಲ ಲೂಪ್ ಓಡಿಸಬೇಕೆಂದರೆ ಮೊದಲನೆಯದು ಸಮಯದ ಹತ್ತರಲ್ಲಿ ನಾಲ್ಕು ಪಾಲನ್ನು ತಿನ್ನುತ್ತದೆ, ಎರಡನೆಯದು ಲೆಕ್ಕಕ್ಕೇ ಬರುವುದಿಲ್ಲ.

ಹೋಗದ ಎರಡು ತೊಂದರೆ

ಒಂದೇ ಥ್ರಾಟಲ್‌ನಲ್ಲಿ ಬರುವ ಅಲುಗಾಟ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡ ಸಾಲು ಇದು. ಇದು ವೈರ್ ಸಡಿಲವಾಗಿರುವುದರಿಂದ ಬರುವ ಲಕ್ಷಣ ಅಲ್ಲ. ಸಡಿಲ ವೈರ್ ಹೀಗೆ ಥ್ರಾಟಲ್ ನೋಡಿಕೊಂಡು ಕೆಡುವುದಿಲ್ಲ.

ಮೋಟಾರ್ ನಿಮಿಷಕ್ಕೆ 15,600 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 260 ಸುತ್ತು. ಪ್ರೊಪೆಲ್ಲರ್‌ನ ತೂಕ ಸ್ವಲ್ಪ ಏರುಪೇರಾಗಿದ್ದರೂ ಫ್ರೇಮ್ 260 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ನೀವು ಗೈರೊ ಓದುತ್ತಿರುವುದು ಸೆಕೆಂಡಿಗೆ 250 ಸಲ. ಆ ಎರಡರ ವ್ಯತ್ಯಾಸ 10. ಹಾಗಾಗಿ ನಿಮ್ಮ ಪ್ರೋಗ್ರಾಂಗೆ 260 ಹರ್ಟ್ಸ್‌ನ ಕಂಪನ 10 ಹರ್ಟ್ಸ್‌ನ ನಿಧಾನ ಓಲಾಟದ ಹಾಗೆ ಕಾಣುತ್ತದೆ. ಡ್ರೋನ್ ನಿಜಕ್ಕೂ ಓಲುತ್ತಿದೆ ಎಂದು ನಂಬಿ ಅದು ಮೋಟಾರ್‌ಗಳಿಗೆ ತಿದ್ದುಪಡಿ ಕೊಡುತ್ತದೆ. ಆಗ ಡ್ರೋನ್ ನಿಜವಾಗಿಯೇ ಓಲಲು ಶುರುಮಾಡುತ್ತದೆ. ಥ್ರಾಟಲ್ ಸ್ವಲ್ಪ ಬದಲಿಸಿದರೆ ವ್ಯತ್ಯಾಸ 10ರಿಂದ 60ಕ್ಕೋ 70ಕ್ಕೋ ಜಿಗಿಯುತ್ತದೆ. ಅಷ್ಟು ವೇಗದ ತಿದ್ದುಪಡಿಗೆ ಫ್ರೇಮ್ ಸರಿಯಾಗಿ ಸ್ಪಂದಿಸುವುದಿಲ್ಲ, ಅಲುಗಾಟ ಮಾಯವಾದ ಹಾಗೆ ಕಾಣುತ್ತದೆ. ಇದನ್ನು ಏಲಿಯಾಸಿಂಗ್ ಎನ್ನುತ್ತಾರೆ. ಒಮ್ಮೆ ಸ್ಯಾಂಪಲ್ ಆದ ಮೇಲೆ ನಿಮ್ಮ ಪ್ರೋಗ್ರಾಂನಲ್ಲಿ ಎಂಥ ಫಿಲ್ಟರ್ ಬರೆದರೂ ಸುಳ್ಳು 10 ಹರ್ಟ್ಸನ್ನು ನಿಜವಾದ 10 ಹರ್ಟ್ಸ್‌ನಿಂದ ಬಿಡಿಸಲು ಆಗುವುದಿಲ್ಲ.

ಇದು ಹೌದೋ ಅಲ್ಲವೋ ಎಂದು ಪರೀಕ್ಷಿಸುವುದು ಸುಲಭ. ಎಂಪಿಯು6050 ಒಳಗೇ ಒಂದು ಲೋ-ಪಾಸ್ ಫಿಲ್ಟರ್ ಇದೆ. ಆನ್ ಮಾಡಿದಾಗ ಅದು 256 ಹರ್ಟ್ಸ್‌ವರೆಗೆ ತೆರೆದಿರುತ್ತದೆ. ಅದನ್ನು 42 ಹರ್ಟ್ಸ್‌ಗೆ ಇಳಿಸಿ ಹಾರಿಸಿ. ಅಲುಗಾಟ ಹೋದರೆ ಅಥವಾ ತುಂಬಾ ಕಡಿಮೆಯಾದರೆ ಕಾರಣ ಸಿಕ್ಕಿತು. ಆದರೆ ಅದನ್ನೇ ಪರಿಹಾರ ಎಂದುಕೊಳ್ಳಬೇಡಿ. ಆ ಸೆಟ್ಟಿಂಗ್‌ನಲ್ಲಿ ಗೈರೊ ಸುದ್ದಿ 4.8 ಮಿಲಿಸೆಕೆಂಡ್ ತಡವಾಗಿ ಬರುತ್ತದೆ, ಅಂದರೆ ನಿಮ್ಮ ಒಂದು ಲೂಪ್‌ಗಿಂತಲೂ ಜಾಸ್ತಿ. ಗಾಳಿಯಲ್ಲಿ ಡ್ರೋನ್ ಮಂಕಾಗಿ ಹಾರುತ್ತದೆ, ಪಿಐಡಿ (ತಿದ್ದುಪಡಿ ಎಷ್ಟು ಎಂದು ಲೆಕ್ಕ ಹಾಕುವ ಸೂತ್ರ) ಹೊಂದಿಸುವುದೂ ಕಷ್ಟ. ಸರಿಯಾದ ದಾರಿ ಎಂದರೆ ಗೈರೊವನ್ನು ಹಲವು ಸಾವಿರ ಹರ್ಟ್ಸ್‌ನಲ್ಲಿ ಓದಿ, ಅಲ್ಲಿಯೇ ಫಿಲ್ಟರ್ ಮಾಡಿ, ಆಮೇಲೆ ಲೂಪ್‌ಗೆ ಕೊಡುವುದು. ಎಸ್‌ಪಿಐಗೆ ಹೋಗಿ ಎಂದು ನಾನು ಒತ್ತಾಯ ಮಾಡುವುದಕ್ಕೆ ಇದು ದೊಡ್ಡ ಕಾರಣ. ಜೊತೆಗೆ ಪ್ರೊಪೆಲ್ಲರ್ ಬ್ಯಾಲೆನ್ಸ್ ಮಾಡಿ, ಬಾಗಿದ ಮೋಟಾರ್ ಶಾಫ್ಟ್ ಬದಲಿಸಿ, ಬೋರ್ಡನ್ನು ರಬ್ಬರ್ ಗ್ರಾಮೆಟ್ ಮೇಲೆ ಕೂರಿಸಿ. ಕಂಪನ ಹುಟ್ಟುವ ಕಡೆಯಲ್ಲೇ ತಡೆದಷ್ಟು ಒಳ್ಳೆಯದು.

ಇಲ್ಲೇ ವೇಗದ ಚಿಪ್‌ನ ಮಾತನ್ನೂ ಮುಗಿಸಿಬಿಡುತ್ತೇನೆ. ನಿಮ್ಮ ಎಫ್411 100 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ದಶಮಾಂಶ ಲೆಕ್ಕಕ್ಕೆ ಹಾರ್ಡ್‌ವೇರ್ ಸಹಾಯವೂ ಇದೆ. ಇದೇ ಚಿಪ್ ಇರುವ ಫ್ಲೈಟ್ ಕಂಟ್ರೋಲರ್‌ಗಳು ಬೀಟಾಫ್ಲೈಟ್ ಎಂಬ ಡ್ರೋನ್ ಫರ್ಮ್‌ವೇರ್ ಓಡಿಸಿಕೊಂಡು ಚೆನ್ನಾಗಿಯೇ ಹಾರಿವೆ. ವೇಗ ಸಾಲದು ಎಂದು ಚಿಪ್ ಬದಲಿಸುವ ಅಗತ್ಯ ನಿಮಗಿಲ್ಲ. ಸೀರಿಯಲ್ ಪೋರ್ಟ್ ಸಾಲದು ಎಂದಾದರೆ ಬದಲಿಸಿ. ಎಫ್411ರಲ್ಲಿ ಮೂರೇ ಇವೆ: ರಿಸೀವರ್, ಜಿಪಿಎಸ್, ಟೆಲಿಮೆಟ್ರಿ ಎನ್ನುವಷ್ಟರಲ್ಲಿ ಮುಗಿದುಹೋಗುತ್ತವೆ. ಆಗ 168 ಮೆಗಾಹರ್ಟ್ಸ್‌ನ ಎಫ್405 ನೋಡಬಹುದು.

ಕಂಪಾಸ್ ವಿಷಯ ಶುದ್ಧ ಭೌತಶಾಸ್ತ್ರ. ಒಂಟಿ ತಂತಿಯಲ್ಲಿ 20 ಆಂಪಿಯರ್ ಹರಿದರೆ, 5 ಸೆಂಟಿಮೀಟರ್ ದೂರದಲ್ಲಿ 80 ಮೈಕ್ರೊಟೆಸ್ಲಾ ಕಾಂತಕ್ಷೇತ್ರ ಇರುತ್ತದೆ. ಭೂಮಿಯ ಕಾಂತಕ್ಷೇತ್ರ ಎಲ್ಲಿ ನಿಂತರೂ ಸುಮಾರು 25ರಿಂದ 65 ಮೈಕ್ರೊಟೆಸ್ಲಾ ಅಷ್ಟೇ. ಅಂದರೆ ನಿಮ್ಮ ಕಂಪಾಸ್ ಪಾಲಿಗೆ ಬ್ಯಾಟರಿ ತಂತಿಯೇ ಉತ್ತರ ಧ್ರುವ! ಕಂಪಾಸ್ ಚಿಪ್ಪನ್ನು ನಿಮ್ಮ ಹೊಸ ಬೋರ್ಡ್ ಮೇಲೆ ಕೂರಿಸಿದರೆ ಅದು ಇನ್ನೂ ಹತ್ತಿರ ಬಂದು ಕೂತ ಹಾಗೆ. ಅದನ್ನು ಜಿಪಿಎಸ್ ಜೊತೆ ಒಂದು ಕಂಬದ ಮೇಲೆ, ಕರೆಂಟ್ ಹರಿಯುವ ಜಾಗದಿಂದ ದೂರ ಇಡಿ. ಬ್ಯಾಟರಿಯ ಕೆಂಪು, ಕಪ್ಪು ತಂತಿಗಳನ್ನು ಒಂದಕ್ಕೊಂದು ಹೊಸೆದರೆ ಎರಡರ ಕ್ಷೇತ್ರಗಳು ಬಹುಪಾಲು ಒಂದನ್ನೊಂದು ಕಳೆಯುತ್ತವೆ. ಬೋರ್ಡ್‌ನಲ್ಲಿ ಕಂಪಾಸ್‌ಗೆ ಒಂದು ಕನೆಕ್ಟರ್ ಮಾತ್ರ ಇರಲಿ.

ನಿಮ್ಮ ಕೈಯಲ್ಲಿರುವ ತೊಂದರೆ: ಪವರ್

ನನ್ನ ಹತ್ತಿರ ಪರಿಶೀಲನೆಗೆ ಬರುವ ಮೊದಲ ಬೋರ್ಡ್‌ಗಳಲ್ಲಿ ಜಾಸ್ತಿ ಕಾಣುವುದು ಪವರ್ ವಿಭಾಗದ ತಪ್ಪುಗಳೇ. ಚಿಪ್, ಸೆನ್ಸರ್, ಯುಎಸ್‌ಬಿ ಎಲ್ಲದಕ್ಕೂ ವಾರಗಟ್ಟಲೆ ತಲೆಕೆಡಿಸಿಕೊಂಡಿರುತ್ತಾರೆ. ಪವರ್ ಮಾತ್ರ ಕೊನೆಗೆ ಒಂದು ಮೂಲೆಯಲ್ಲಿ ಸುಮ್ನೆ ತುರುಕಿರುತ್ತಾರೆ. ಡೆವಲಪ್‌ಮೆಂಟ್ ಬೋರ್ಡ್ ನಕಲು ಮಾಡುವುದರಲ್ಲಿ ಇರುವ ದೊಡ್ಡ ಅಪಾಯವೂ ಇದೇ. ಆ ಬೋರ್ಡನ್ನು ಮೇಜಿನ ಮೇಲಿನ ಯುಎಸ್‌ಬಿ ತಂತಿಗೆ ಎಂದು ಮಾಡಿದ್ದಾರೆ. ಅದರ ಸ್ಕೀಮ್ಯಾಟಿಕ್‌ನಲ್ಲಿ ಲಿಪೊ ಬ್ಯಾಟರಿಯೂ ಇಲ್ಲ, ನಾಲ್ಕು ಮೋಟಾರ್‌ಗಳ ಗಲಾಟೆಯೂ ಇಲ್ಲ.

ಮೊದಲು ರೀಸೆಟ್‌ಗೆ ನಿಜವಾದ ಕಾರಣ ಯಾವುದು ಎಂದು ಚಿಪ್ಪನ್ನೇ ಕೇಳಿ. ಎಸ್‌ಟಿಎಂ32 ಒಳಗೆ ಆರ್‌ಸಿಸಿ ವಿಭಾಗದ ಸಿಎಸ್‌ಆರ್ ಎಂಬ ರಿಜಿಸ್ಟರ್ ಇದೆ. ಹಿಂದಿನ ರೀಸೆಟ್ ವೋಲ್ಟೇಜ್ ಕುಸಿದು ಆಯಿತೋ, ವಾಚ್‌ಡಾಗ್‌ನಿಂದ (ಪ್ರೋಗ್ರಾಂ ಸಿಕ್ಕಿಕೊಂಡರೆ ಚಿಪ್ಪನ್ನು ರೀಸೆಟ್ ಮಾಡುವ ಟೈಮರ್) ಆಯಿತೋ, ಸಾಫ್ಟ್‌ವೇರ್‌ನಿಂದ ಆಯಿತೋ ಎಂದು ಅದರ ಬಿಟ್‌ಗಳು ಹೇಳುತ್ತವೆ. ಪ್ರೋಗ್ರಾಂ ಶುರುವಾದ ಕೂಡಲೇ ಅದನ್ನು ಓದಿ, ಲಾಗ್‌ಗೆ ಬರೆದು, ಅಳಿಸಿ. ರೀಸೆಟ್ ಪಿನ್‌ನ ಬಿಟ್ ಹೆಚ್ಚುಕಮ್ಮಿ ಯಾವಾಗಲೂ ಎದ್ದಿರುತ್ತದೆ, ಅದನ್ನು ನೋಡಿ ಮೋಸಹೋಗಬೇಡಿ. ಅದರ ಜೊತೆಗೆ ಇನ್ಯಾವುದು ಎದ್ದಿದೆ ಎಂಬುದೇ ಮುಖ್ಯ. ಕಾರಣ ವಾಚ್‌ಡಾಗ್ ಎಂದು ಬಂದರೆ ನಿಮ್ಮ ತೊಂದರೆ ಪವರ್ ಅಲ್ಲವೇ ಅಲ್ಲ, ಬಹುಶಃ ಮೇಲೆ ಹೇಳಿದ ಐ2ಸಿ.

ವೋಲ್ಟೇಜ್ ಕುಸಿತ ಎಂದು ಬಂದರೆ ಎಲ್ಲಿ ಕುಸಿಯುತ್ತಿದೆ ಎಂದು ನೋಡಬೇಕು. ಇಎಸ್‌ಸಿಯಿಂದ (ಮೋಟಾರ್ ವೇಗ ನಿಯಂತ್ರಿಸುವ ಸರ್ಕ್ಯೂಟ್) ಬರುವ 5 ವೋಲ್ಟ್, ಜಂಪರ್ ವೈರ್‌ನ ತುದಿಗಳನ್ನು ದಾಟಿ ಬರುವಾಗಲೇ ಸ್ವಲ್ಪ ಕಳೆದುಕೊಳ್ಳುತ್ತದೆ. ಅದನ್ನು ಚಿಪ್‌ಗೆ ಬೇಕಾದ 3.3 ವೋಲ್ಟ್‌ಗೆ ಇಳಿಸಲು 1117 ಜಾತಿಯ ರೆಗ್ಯುಲೇಟರ್ ಇದ್ದರೆ ಅದರ ಎರಡು ಬದಿಯ ನಡುವೆ ಸುಮಾರು 1.1 ವೋಲ್ಟ್ ಅಂತರ ಬೇಕು. 5 ವೋಲ್ಟ್ 4.4ಕ್ಕಿಂತ ಕೆಳಗೆ ಇಳಿದರೆ 3.3 ಕೂಡ ಇಳಿಯಲು ಶುರು. ಸ್ಕೋಪ್ ಇದ್ದರೆ 3.3 ವೋಲ್ಟ್ ಪೂರೈಕೆಯ ಮೇಲೆ ಪ್ರೋಬ್ ಇಟ್ಟು, ಕೆಳಕ್ಕೆ ಬಿದ್ದಾಗ ಟ್ರಿಗರ್ ಆಗುವ ಹಾಗೆ ಹೊಂದಿಸಿ. ಪ್ರೊಪೆಲ್ಲರ್ ಇಲ್ಲದೆ ಮೋಟಾರ್ ಹೆಚ್ಚು ಕರೆಂಟ್ ಎಳೆಯುವುದಿಲ್ಲ, ಹಾಗಾಗಿ ಈ ಪರೀಕ್ಷೆಗೆ ಪ್ರೊಪೆಲ್ಲರ್ ಹಾಕಲೇಬೇಕು. ಡ್ರೋನನ್ನು ಭಾರವಾದ ಸ್ಟ್ಯಾಂಡ್‌ಗೆ ಬಿಗಿಯಾಗಿ ಕಟ್ಟಿ. ಪ್ರೊಪೆಲ್ಲರ್ ತಿರುಗುವ ಸಮತಲದಲ್ಲಿ ಯಾರೂ ನಿಲ್ಲಬಾರದು, ನೀವೂ ಸಹ. ಕಿತ್ತುಹೋದ ಬ್ಲೇಡ್ ಹಾರುವುದು ಆ ಕಡೆಗೇ.

ಈಗ ಹೊಸ ಬೋರ್ಡ್‌ನ ಪವರ್. ನಾಲ್ಕು ಸೆಲ್ ಪೂರ್ತಿ ಚಾರ್ಜ್ ಆದಾಗ 16.8 ವೋಲ್ಟ್. ಅಲ್ಲಿಂದ ನೇರವಾಗಿ ಲೀನಿಯರ್ ರೆಗ್ಯುಲೇಟರ್ ಹಾಕಿ 3.3 ಮಾಡುತ್ತೇನೆ ಎಂದರೆ, 150 ಮಿಲಿಆಂಪಿಯರ್‌ಗೇ 2 ವ್ಯಾಟ್ ಬಿಸಿ ಹುಟ್ಟುತ್ತದೆ. ಸಣ್ಣ ಬೋರ್ಡ್‌ಗೆ ಅದು ಸಹಿಸಲಾಗದ ಬಿಸಿ, ಪಕ್ಕದ ಗೈರೊ ಓದುವಿಕೆಯೂ ಬಿಸಿಯಿಂದ ಸರಿದಾಡುತ್ತದೆ. ಮೊದಲು ಬಕ್ ಕನ್ವರ್ಟರ್‌ನಲ್ಲಿ (ಹೆಚ್ಚು ಬಿಸಿಯಾಗದೆ ವೋಲ್ಟೇಜ್ ಇಳಿಸುವ ಸರ್ಕ್ಯೂಟ್) 5 ವೋಲ್ಟ್ ಮಾಡಿ, ಅಲ್ಲಿಂದ ಲೀನಿಯರ್‌ನಲ್ಲಿ 3.3 ಮಾಡಿ. ಅಷ್ಟೇ ಕರೆಂಟ್‌ಗೆ ಲೀನಿಯರ್‌ನಲ್ಲಿ ಕಾಲು ವ್ಯಾಟ್ ಬಿಸಿ ಮಾತ್ರ. ಗೈರೊಗೆ ಬೇರೆಯದೇ ಒಂದು ಸಣ್ಣ 3.3 ರೆಗ್ಯುಲೇಟರ್ ಕೊಟ್ಟರೆ ಇನ್ನೂ ಒಳ್ಳೆಯದು.

ಬಕ್ ಆರಿಸುವಾಗ 16.8 ನೋಡಿಕೊಂಡು 18 ವೋಲ್ಟ್‌ನ ಭಾಗ ಸಾಕು ಎಂದುಕೊಳ್ಳಬೇಡಿ. ಬ್ಯಾಟರಿ ಚುಚ್ಚಿದ ಕ್ಷಣದಲ್ಲೇ ಹೊಗೆ ಬರುವ ಬೋರ್ಡ್‌ಗಳ ಕಥೆ ಕೇಳಿರುತ್ತೀರಿ. ಅದಕ್ಕೆ ಕಾರಣ ಇಲ್ಲಿದೆ. ಬ್ಯಾಟರಿ ತಂತಿಗೆ ಇಂಡಕ್ಟೆನ್ಸ್ ಇದೆ. ಬೋರ್ಡ್‌ನ ಒಳಬದಿಯಲ್ಲಿ ಸೆರಾಮಿಕ್ ಕೆಪ್ಯಾಸಿಟರ್ ಇದೆ, ಅದರಲ್ಲಿ ತಡೆ ಬಹಳ ಕಡಿಮೆ. ಇವೆರಡೂ ಸೇರಿ ಬ್ಯಾಟರಿ ತಾಗಿದ ಕೂಡಲೇ ವೋಲ್ಟೇಜ್ ತೂಗಾಡುತ್ತದೆ. ಮೊದಲ ಏರಿಕೆ ಬ್ಯಾಟರಿಯ ಸುಮಾರು ಎರಡರಷ್ಟಕ್ಕೂ ಹೋಗಬಹುದು. ಅಂದರೆ 33 ವೋಲ್ಟ್ ಹತ್ತಿರ. ಹಾರುವಾಗ ಇಎಸ್‌ಸಿಗಳು ಮೋಟಾರನ್ನು ಬ್ರೇಕ್ ಮಾಡಿದಾಗ ಶಕ್ತಿ ಹಿಂದಕ್ಕೆ ಬಂದು ಮತ್ತೆ ವೋಲ್ಟೇಜ್ ಜಿಗಿಯುತ್ತದೆ. ಹಾಗಾಗಿ 36 ವೋಲ್ಟ್ ಅಥವಾ ಅದಕ್ಕಿಂತ ಮೇಲಿನ ಬಕ್ ಹಾಕಿ. ಬ್ಯಾಟರಿ ತಂತಿ ಇಎಸ್‌ಸಿ ಸೇರುವಲ್ಲಿ 470ರಿಂದ 1000 ಮೈಕ್ರೊಫ್ಯಾರಡ್, 35 ವೋಲ್ಟ್‌ನ ಕಡಿಮೆ ಇಎಸ್‌ಆರ್ (ಒಳತಡೆ) ಇರುವ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್ ಒಂದನ್ನು ಕಾಲು ಚಿಕ್ಕದಾಗಿ ಕತ್ತರಿಸಿ ಸೋಲ್ಡರ್ ಮಾಡಿ. ಅದು ತೂಗಾಟವನ್ನೂ ತಗ್ಗಿಸುತ್ತದೆ, ಜಿಗಿತವನ್ನೂ ನುಂಗುತ್ತದೆ. ಬೋರ್ಡ್‌ನ ಬ್ಯಾಟರಿ ಪ್ರವೇಶದಲ್ಲಿ ವೋಲ್ಟೇಜ್ ಜಿಗಿತವನ್ನು ತಡೆಯುವ ಒಂದು ಟಿವಿಎಸ್ ಡಯೋಡ್ ಇರಲಿ.

ಇನ್ನೊಂದು ಸೂಕ್ಷ್ಮ. ಸೆರಾಮಿಕ್ ಕೆಪ್ಯಾಸಿಟರ್ ಮೇಲೆ 10 ಮೈಕ್ರೊಫ್ಯಾರಡ್ ಎಂದು ಬರೆದಿದ್ದರೂ, 16 ವೋಲ್ಟ್ ಹಾಕಿದಾಗ ಸಣ್ಣ ಗಾತ್ರದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಉಳಿಯಬಹುದು. ಡೇಟಾಶೀಟ್‌ನಲ್ಲಿ ಡಿಸಿ ಬಯಾಸ್ ಗ್ರಾಫ್ ನೋಡಿ ಆರಿಸಿ.

ಲೇಯರ್, ಜಾಗ, ಕನೆಕ್ಟರ್

ನಾಲ್ಕು ಲೇಯರ್ ಬೇಕೇ ಬೇಕಾ? ಲೇಯರ್ ಎಂದರೆ ಬೋರ್ಡ್‌ನ ತಾಮ್ರದ ಪದರ. ಎರಡು ಲೇಯರ್‌ನಲ್ಲೂ ಕೆಲಸ ಮಾಡುವ ಬೋರ್ಡ್‌ಗಳಿವೆ. ಆದರೂ ಮೊದಲ ಬೋರ್ಡ್ ಮಾಡುವವರಿಗೆ ನಾನು ನಾಲ್ಕನ್ನೇ ಹೇಳುತ್ತೇನೆ. ಪ್ರತಿ ಸಿಗ್ನಲ್‌ನ ಕರೆಂಟ್ ಹೋದ ದಾರಿಯ ಕೆಳಗೇ ಗ್ರೌಂಡ್‌ನಲ್ಲಿ ವಾಪಸ್ ಬರಲು ನೋಡುತ್ತದೆ. ಎರಡನೇ ಲೇಯರ್ ಪೂರ್ತಿ ಗ್ರೌಂಡ್ ಆಗಿದ್ದರೆ ಆ ದಾರಿ ತಾನಾಗಿಯೇ ಸಿಗುತ್ತದೆ. ಎರಡು ಲೇಯರ್‌ನಲ್ಲಿ ಗ್ರೌಂಡನ್ನು ಟ್ರೇಸ್‌ಗಳು (ತಾಮ್ರದ ದಾರಿಗಳು) ತುಂಡು ತುಂಡು ಮಾಡಿರುತ್ತವೆ, ವಾಪಸ್ ಕರೆಂಟ್ ಸುತ್ತಿಕೊಂಡು ಬರುತ್ತದೆ, ಆ ಸುತ್ತು ಆಂಟೆನಾ ಆಗುತ್ತದೆ. ನಾಲ್ಕು ಲೇಯರ್ ಹಾಕಿಯೂ ಗ್ರೌಂಡ್ ಲೇಯರ್‌ನಲ್ಲಿ ಉದ್ದನೆಯ ಟ್ರೇಸ್ ಎಳೆದು ಸೀಳಿದರೆ ಲಾಭ ಹೋಯಿತು. ಆಟೋರೂಟರ್‌ಗೆ ಇದೆಲ್ಲ ತಿಳಿಯುವುದಿಲ್ಲ; ಬಕ್, ಗೈರೊ ಮತ್ತು ಕೆಪ್ಯಾಸಿಟರ್‌ಗಳ ಟ್ರೇಸನ್ನು ಕೈಯಾರೆ ಎಳೆಯಿರಿ.

ಬಕ್‌ನ ಒಳಬದಿಯ ಸೆರಾಮಿಕ್ ಕೆಪ್ಯಾಸಿಟರ್ ಅದರ ಪಿನ್‌ಗೆ ತಾಗಿದ ಹಾಗೇ ಇರಬೇಕು. ಗೈರೊ ಅದರಿಂದ ದೂರ, ಬೋರ್ಡ್‌ನ ಇನ್ನೊಂದು ಕಡೆ. ಸ್ಕ್ರೂ ತೂತಿನ ಪಕ್ಕದಲ್ಲಂತೂ ಗೈರೊ ಇಡಲೇಬಾರದು. ಸ್ಕ್ರೂ ಬಿಗಿ ಮಾಡಿದಾಗ ಬೋರ್ಡ್ ಕೂದಲೆಳೆಯಷ್ಟು ಬಾಗಿದರೂ ಒಳಗಿನ ಯಾಂತ್ರಿಕ ಭಾಗಕ್ಕೆ ಒತ್ತಡ ಬಿದ್ದು ಶೂನ್ಯ ಸರಿಯುತ್ತದೆ. ಬ್ಯಾರೋಮೀಟರ್ ಮೇಲೆ ಗಾಳಿಯಾಡುವ ಸ್ಪಾಂಜ್ ಇರಲಿ. ಒಂದು ಮೀಟರ್ ಎತ್ತರಕ್ಕೆ ಒತ್ತಡ ಬದಲಾಗುವುದು 12 ಪ್ಯಾಸ್ಕಲ್‌ನಷ್ಟು ಮಾತ್ರ, ಪ್ರೊಪೆಲ್ಲರ್ ಗಾಳಿ ಅಷ್ಟನ್ನು ಸುಲಭವಾಗಿ ಏರುಪೇರು ಮಾಡುತ್ತದೆ. ಸ್ಕ್ರೂ ತೂತುಗಳನ್ನು 30.5 ಮಿಲಿಮೀಟರ್ ಚೌಕದಲ್ಲಿಡಿ, ಮಾರುಕಟ್ಟೆಯ ಬಹಳಷ್ಟು ಫ್ರೇಮ್‌ಗಳಿಗೆ ಕೂರುತ್ತದೆ.

ಚಿಪ್ ಸುತ್ತ ನೋಡಬೇಕಾದದ್ದು ಬಹಳ ಇದೆ, ಆದರೆ ಎರಡು ಕಡೆ ಜನ ಪದೇ ಪದೇ ಎಡವುತ್ತಾರೆ. ಒಂದು ವಿಕ್ಯಾಪ್ ಪಿನ್. ಇದು ಚಿಪ್‌ನ ಒಳಗಿನ 1.2 ವೋಲ್ಟ್ ರೆಗ್ಯುಲೇಟರ್‌ನ ಕೆಪ್ಯಾಸಿಟರ್‌ಗೆ ಮಾತ್ರ. 48 ಪಿನ್‌ನ ಎಫ್411ರಲ್ಲಿ ಒಂದೇ ಪಿನ್, 4.7 ಮೈಕ್ರೊಫ್ಯಾರಡ್ ಬೇಕು. 64 ಪಿನ್‌ನ ಎಫ್405ರಲ್ಲಿ ಎರಡು ಪಿನ್, ಒಂದೊಂದಕ್ಕೆ 2.2. ಪವರ್ ಪಿನ್ ಎಂದುಕೊಂಡು 3.3ಕ್ಕೆ ಸೇರಿಸಿದರೆ ಚಿಪ್ ಹಾಳು. ಇನ್ನೊಂದು, ಮೋಟಾರ್ ಸಿಗ್ನಲ್ ಪಿನ್‌ಗಳು. ಚಿಪ್ ಎಚ್ಚರವಾಗುವವರೆಗೆ ಅವು ಗಾಳಿಯಲ್ಲಿ ತೇಲುತ್ತಿರುತ್ತವೆ. ಪ್ರತಿಯೊಂದಕ್ಕೂ ಪುಲ್-ಡೌನ್ ರೆಸಿಸ್ಟರ್ ಹಾಕಿ. ಹೊಸ ಪ್ರೋಗ್ರಾಂ ತುಂಬಲು ಚಿಪ್‌ನೊಳಗೇ ಇರುವ ರೋಮ್ ಬೂಟ್‌ಲೋಡರ್ ಬಳಸುವ ಸೀರಿಯಲ್ ಪಿನ್‌ಗಳನ್ನು ಮೋಟಾರ್‌ಗೆ ಕೊಡಬೇಡಿ. ಡಿಶಾಟ್ (ಇಎಸ್‌ಸಿಗೆ ಡಿಜಿಟಲ್ ಆಜ್ಞೆ ಕಳಿಸುವ ವಿಧಾನ) ಬಳಸುವ ಆಸೆ ಇದ್ದರೆ ಯಾವ ಪಿನ್‌ಗೆ ಯಾವ ಟೈಮರ್, ಯಾವ ಡಿಎಂಎ (ಡೇಟಾವನ್ನು ತಾನಾಗಿ ಸಾಗಿಸುವ ಭಾಗ) ಎಂದು ಸ್ಕೀಮ್ಯಾಟಿಕ್ ಬರೆಯುವ ಮೊದಲೇ ಹೊಂದಿಸಿಕೊಳ್ಳಿ, ಅದನ್ನು ಈಗಿನ ಬೋರ್ಡ್‌ನಲ್ಲೇ ಓಡಿಸಿ ನೋಡಿ.

ಕನೆಕ್ಟರ್ ಬಗ್ಗೆ ಒಂದು ಎಚ್ಚರಿಕೆ. ಇಎಸ್‌ಸಿ ಕನೆಕ್ಟರ್‌ನ ಪಿನ್ ಕ್ರಮ ಒಬ್ಬೊಬ್ಬ ತಯಾರಕರದ್ದು ಒಂದೊಂದು ಥರ. ಪ್ಲಗ್ ಸರಿಯಾಗಿ ಕೂತಿತು ಎಂದ ಮಾತ್ರಕ್ಕೆ ತಂತಿ ಸರಿ ಇದೆ ಎಂದಲ್ಲ. ಬ್ಯಾಟರಿ ವೋಲ್ಟೇಜ್ ಸೀದಾ ಚಿಪ್‌ನ ಪಿನ್‌ಗೆ ಬಂದರೆ ಅಲ್ಲಿಗೆ ಮುಗಿಯಿತು. ಪ್ರತಿ ಪಿನ್‌ನ ಹೆಸರನ್ನು ಬೋರ್ಡ್ ಮೇಲೆ ಅಚ್ಚು ಹಾಕಿಸಿ, ಕೇಬಲನ್ನು ಮೊದಲ ಸಲ ಚುಚ್ಚುವ ಮುನ್ನ ಮಲ್ಟಿಮೀಟರ್‌ನಲ್ಲಿ ನೋಡಿ.

ನಿಮ್ಮ ಮುಂದಿರುವ ದಾರಿಗಳು

ಹಾರುವುದೇ ಮುಖ್ಯ, ಎಲೆಕ್ಟ್ರಾನಿಕ್ಸ್ ಕಲಿಯುವ ಆಸೆ ಅಷ್ಟಿಲ್ಲ ಎಂದಾದರೆ, ರೆಡಿಮೇಡ್ ಫ್ಲೈಟ್ ಕಂಟ್ರೋಲರ್ ತಂದು ನಿಮ್ಮ ಫರ್ಮ್‌ವೇರನ್ನು ಅದಕ್ಕೇ ಹಾಕಬಹುದು. ಒಳಗೆ ಇರುವುದು ಬಹಳ ಸಲ ಎಸ್‌ಟಿಎಂ32ನೇ, ಯುಎಸ್‌ಬಿ ಮೂಲಕವೇ ಪ್ರೋಗ್ರಾಂ ತುಂಬಬಹುದು. ಅಪಾಯ ಅತ್ಯಂತ ಕಡಿಮೆ. ಪಿನ್ ಹಂಚಿಕೆ ಅವರದ್ದು, ನಿಮಗೆ ಬೇಕಾದ ಹಾಗೆ ಬದಲಿಸಲಾಗುವುದಿಲ್ಲ, ಅಷ್ಟೇ ಕೊರತೆ.

ಇನ್ನೊಂದು ತುದಿಯಲ್ಲಿ, ಎಲ್ಲವನ್ನೂ ಒಂದೇ ಸಲ ಚಿಪ್ ಮಟ್ಟಕ್ಕೆ ಇಳಿಸುವ ದಾರಿ. ಹೊಸ ಗೈರೊ, ಹೊಸ ಬಕ್, ಹೊಸ ಚಿಪ್, ಹೊಸ ಲೇಔಟ್. ಬೋರ್ಡ್ ಬಂದು ಹಾರದಿದ್ದರೆ ಯಾವುದರ ಮೇಲೆ ಅನುಮಾನ ಪಡುತ್ತೀರಿ? ಐಸಿಎಂ-42688-ಪಿ ಮತ್ತು ಬಿಎಂಐ270 ಎರಡೂ 2.5 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ಉದ್ದದ ಪುಟ್ಟ ಪ್ಯಾಕೇಜ್‌ಗಳು, 14 ಪ್ಯಾಡ್‌ಗಳೂ ಕೆಳಗಡೆ. ಮಾಮೂಲಿ ಐರನ್‌ನಲ್ಲಿ ಸೋಲ್ಡರ್ ಮಾಡಲಾಗುವುದಿಲ್ಲ. ಸ್ಟೆನ್ಸಿಲ್, ಪೇಸ್ಟ್, ಹಾಟ್ ಏರ್ ಬೇಕು, ಇಲ್ಲವೇ ಬೋರ್ಡ್ ಮಾಡುವವರಿಂದಲೇ ಜೋಡಣೆ ಮಾಡಿಸಬೇಕು. ನಾನಾಗಿದ್ದರೆ ಜೋಡಣೆ ಮಾಡಿಸುತ್ತೇನೆ. ಕೈಯಿಂದ ಮಾಡಿದ್ದರಲ್ಲಿ ತೊಂದರೆ ಬಂದರೆ ವಿನ್ಯಾಸದ ತಪ್ಪೋ ಸೋಲ್ಡರ್ ತಪ್ಪೋ ಎಂದು ತಿಳಿಯಲು ದಿನಗಳು ಹೋಗುತ್ತವೆ.

ನಿಮಗೆ ನಾನು ಹೇಳುವುದು ನಡುವಿನ ದಾರಿ: ಕ್ಯಾರಿಯರ್ ಬೋರ್ಡ್. ಈಗಿನ ಡೆವಲಪ್‌ಮೆಂಟ್ ಬೋರ್ಡ್ ಹಾಗೇ ಇರಲಿ. ಎಸ್‌ಪಿಐ ಇರುವ ಗೈರೊ ಮಾಡ್ಯೂಲ್ ಒಂದನ್ನು ತನ್ನಿ. ಇವೆರಡನ್ನೂ ಸೋಲ್ಡರ್ ಮಾಡಿ ಕೂರಿಸುವ, ಪವರ್ ವಿಭಾಗ ಮತ್ತು ಕನೆಕ್ಟರ್‌ಗಳು ಮಾತ್ರ ನಿಮ್ಮದಾಗಿರುವ ಒಂದು ಪಿಸಿಬಿ ಮಾಡಿ. ಜಂಪರ್ ವೈರ್ ಪೂರ್ತಿ ಹೋಗುತ್ತದೆ. ಕಠಿಣವಾದ ಪವರ್ ಭಾಗವನ್ನು ಒಂಟಿಯಾಗಿ ಕಲಿಯುತ್ತೀರಿ. ಸ್ವಲ್ಪ ದಪ್ಪ, ಸ್ವಲ್ಪ ಭಾರ, ಹೌದು. ಆದರೆ ಇದು ಚೆನ್ನಾಗಿ ಹಾರಿದ ಮೇಲೆ ಅದೇ ಪವರ್ ವಿಭಾಗ, ಅದೇ ಪಿನ್ ಹಂಚಿಕೆ ಇಟ್ಟುಕೊಂಡು ಚಿಪ್ ಮತ್ತು ಗೈರೊವನ್ನು ಬೋರ್ಡ್ ಮೇಲೆ ಇಳಿಸಿ. ಆಗ ಹೊಸದಾಗಿ ತಪ್ಪಬಹುದಾದ ಜಾಗಗಳು ಕೆಲವೇ. ಫರ್ಮ್‌ವೇರ್‌ನಲ್ಲಿ ಪಿನ್ ವಿವರಗಳನ್ನೆಲ್ಲ ಒಂದೇ ಫೈಲ್‌ಗೆ ತನ್ನಿ, ಎರಡೂ ಬೋರ್ಡ್‌ಗೆ ಅದೇ ಪ್ರೋಗ್ರಾಂ ಓಡಲಿ.

ಗರ್ಬರ್ ಫೈಲ್ (ಪಿಸಿಬಿ ತಯಾರಕರಿಗೆ ಕೊಡುವ ವಿನ್ಯಾಸದ ಫೈಲ್) ಕಳಿಸುವ ಮುಂಚೆ ಬೋರ್ಡನ್ನು ನಿಜ ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ಮಾಡಿ, ಕೈಯಲ್ಲಿರುವ ಭಾಗಗಳನ್ನು ಅದರ ಮೇಲಿಟ್ಟು ನೋಡಿ. ತಿರುಗುಮುರುಗಾದ ಕನೆಕ್ಟರ್ ಅಲ್ಲೇ ಸಿಕ್ಕಿಬೀಳುತ್ತದೆ. ಡಿಬಗರ್ ಜೋಡಿಸುವ ಎಸ್‌ಡಬ್ಲ್ಯುಡಿ ಪ್ಯಾಡ್‌ಗಳನ್ನು, ಒಂದೆರಡು ಎಲ್‌ಇಡಿಗಳನ್ನು, ಪ್ರತಿ ವೋಲ್ಟೇಜ್‌ಗೆ ಒಂದು ಟೆಸ್ಟ್ ಪಾಯಿಂಟನ್ನು ಜಾಗ ಇಲ್ಲ ಎಂದು ಬಿಡಬೇಡಿ. ಬಕ್ ಮತ್ತು ಉಳಿದ ಸರ್ಕ್ಯೂಟ್ ನಡುವೆ ಒಂದು ಸೋಲ್ಡರ್ ಜಂಪರ್ ಇಡಿ, ಶುರುವಿನಲ್ಲಿ ತೆರೆದೇ ಇರಲಿ.

ಬೋರ್ಡ್ ಕೈಗೆ ಬಂದ ದಿನ ಆ ಜಂಪರ್‌ನ ಬೆಲೆ ತಿಳಿಯುತ್ತದೆ. ಮೊದಲು ಮಲ್ಟಿಮೀಟರ್‌ನಲ್ಲಿ ಶಾರ್ಟ್ ನೋಡಿ. ಆಮೇಲೆ ಕರೆಂಟ್ ಮಿತಿ 100 ಮಿಲಿಆಂಪಿಯರ್‌ಗೆ ಇಟ್ಟ ಬೆಂಚ್ ಸಪ್ಲೈ ಕೊಡಿ. ಲಿಪೊ ಬ್ಯಾಟರಿಯನ್ನು ಅವತ್ತು ಮುಟ್ಟಬೇಡಿ, ಶಾರ್ಟ್ ಇದ್ದರೆ ಅದಕ್ಕೆ ನಿಲ್ಲುವುದು ಗೊತ್ತಿಲ್ಲ. 5 ವೋಲ್ಟ್ ಸರಿಯಾಗಿ ಬಂದರೆ ಮಾತ್ರ ಜಂಪರ್ ಮುಚ್ಚಿ, 3.3 ನೋಡಿ, ಡಿಬಗರ್ ಚಿಪ್ಪನ್ನು ಗುರುತಿಸುತ್ತದಾ ನೋಡಿ. ಆಮೇಲೆ ಗೈರೊ ಗುರುತಿನ ರಿಜಿಸ್ಟರ್ ಓದಿ: ಐಸಿಎಂ-42688-ಪಿ ಹೆಕ್ಸ್‌ನಲ್ಲಿ 47 ಎನ್ನಬೇಕು, ಬಿಎಂಐ270 ಆದರೆ 24. ಸೊನ್ನೆ ಅಥವಾ ಎಫ್‌ಎಫ್ ಬಂದರೆ ವೈರಿಂಗ್ ಅಥವಾ ಎಸ್‌ಪಿಐ ಮೋಡ್ ತಪ್ಪಿದೆ.

ಹತ್ತು ಬೋರ್ಡ್ ಮಾಡಿಸಿ ಗೆಳೆಯರಿಗೆ ಕೊಡುವ ಯೋಚನೆಯನ್ನು ಸದ್ಯಕ್ಕೆ ಬಿಡಿ. ನಿಮ್ಮ ಬೋರ್ಡ್ ಗಾಳಿಯಲ್ಲಿ ರೀಸೆಟ್ ಆದರೆ ಬೀಳುವುದು ತಿರುಗುತ್ತಿರುವ ನಾಲ್ಕು ಪ್ರೊಪೆಲ್ಲರ್‌ಗಳ ಸಮೇತ, ಅದೂ ಇನ್ನೊಬ್ಬರ ಪಕ್ಕದಲ್ಲಿ. ಸಿಗುವ ಕನಿಷ್ಠ ಸಂಖ್ಯೆಯಲ್ಲಿ ಪಿಸಿಬಿ ಮಾಡಿಸಿ, ಎರಡಕ್ಕೆ ಮಾತ್ರ ಭಾಗ ಜೋಡಿಸಿ, ಉಳಿದವು ಖಾಲಿ ಇರಲಿ. ಮೇಜಿನ ಮೇಲೆ ಸುಮ್ಮನಿದ್ದಾಗ, ಪ್ರೊಪೆಲ್ಲರ್ ಇಲ್ಲದೆ ಮೋಟಾರ್ ತಿರುಗಿದಾಗ, ಸ್ಟ್ಯಾಂಡ್‌ಗೆ ಕಟ್ಟಿ ಪ್ರೊಪೆಲ್ಲರ್ ಹಾಕಿದಾಗ, ಕೊನೆಗೆ ಸೊಂಟದೆತ್ತರದಲ್ಲಿ ನಿಲ್ಲಿಸಿ ಹಾರಿಸಿದಾಗ, ಹೀಗೆ ಪ್ರತಿ ಹಂತದ ಗೈರೊ ಲಾಗನ್ನೂ 3.3 ವೋಲ್ಟ್‌ನ ಕನಿಷ್ಠ ಮಟ್ಟವನ್ನೂ ಹಳೆಯ ಬೋರ್ಡ್ ಜೊತೆ ಹೋಲಿಸಿ. ಸಿಎಸ್‌ಆರ್ ರಿಜಿಸ್ಟರ್ ಓದುವ ಸಾಲುಗಳನ್ನು ಹೊಸ ಫರ್ಮ್‌ವೇರ್‌ನಲ್ಲೂ ಉಳಿಸಿಕೊಳ್ಳಿ. ಪೂರ್ತಿ ಥ್ರಾಟಲ್ ಹಾರಾಟಗಳ ಲಾಗ್‌ನಲ್ಲಿ ಬ್ಯಾಟರಿ ಚುಚ್ಚಿದ್ದು ಬಿಟ್ಟು ಬೇರೆ ಯಾವ ರೀಸೆಟ್ ಕಾರಣವೂ ಕಾಣದಿದ್ದರೆ, ಉಳಿದ ಬೋರ್ಡ್‌ಗಳಿಗೆ ಭಾಗ ಜೋಡಿಸಿ ಗೆಳೆಯರಿಗೆ ಕೊಡಬಹುದು.